ಮ್ಯಾನಿಫೋಲ್ಡಿಗೆ ಹಿತ್ತಾಳೆ ಪಾಲಿಶ್

ಕಾರನ್ನು ಗ್ಯಾರೇಜಿಗೆ ಬಿಟ್ಟು ಮನೆಗೆ ಬಂದು ಕೂರುವವರಿಗೆ ಇಂಥದ್ದೆಲ್ಲ ಆಗುವುದಿಲ್ಲ. ನಾನು ಎದುರಿಗೆ ನಿಂತು ಕೆಲಸ ಮಾಡಿಸುವವಳು. ಆದ್ದರಿಂದ ನನಗೆ ಆಗುತ್ತಲೇ ಇರುತ್ತದೆ.

ನಮ್ಮ ಯಜಮಾನರು ಬಿಟ್ಟುಹೋದ ಹಳೆಯ ಕಾರು ಹೋದ ವರ್ಷ ನಂದಿ ಬೆಟ್ಟದ ತಿರುವಿನಲ್ಲಿ ನಿಂತುಬಿಟ್ಟಿತು. ಕಲ್ಯಾಣ ನಗರದ ನಮ್ಮ ಭಾವ ಇಳಿದು ತಳ್ಳಿದರು. ಅಂದಿನಿಂದ ಯಾವ ಮದುವೆಗೆ ಹೋದರೂ ಉಪ್ಪಿಗಿಂತ ಮೊದಲು ಆ ಕಥೆಯನ್ನು ಬಡಿಸುತ್ತಾರೆ. ಅವರನ್ನೇ ಕೂರಿಸಿಕೊಂಡು, ಎಲ್ಲೂ ನಿಲ್ಲದೆ ಅದೇ ಬೆಟ್ಟ ಹತ್ತಬೇಕೆಂದು ತೀರ್ಮಾನಿಸಿದೆ.

೧. ದಪ್ಪದ್ದು

ಶಿವಾಜಿನಗರದ ಮೇಸ್ತ್ರಿಯ ಮಗಳು ಕಾನ್ವೆಂಟಿನಲ್ಲಿ ನನ್ನ ಹತ್ತಿರ ಹೊಲಿಗೆ ಕಲಿತವಳು. ಒಂದು ಕರವಸ್ತ್ರದ ಅಂಚನ್ನು ಅವಳಿಂದ ನಾಲ್ಕು ಸಲ ಬಿಚ್ಚಿಸಿ ಹೊಲಿಸಿದ್ದೆ. ಮೇಸ್ತ್ರಿ ಕಾರು ನೋಡಿ, ಇಂಜಿನ್ ಗಟ್ಟಿಯಿದೆ, ಉಸಿರು ಸಾಲದು ಎಂದರು. ಕಾರ್ಬ್ಯುರೇಟರಿನಿಂದ ನಾಲ್ಕು ಸಿಲಿಂಡರಿಗೂ ಪೆಟ್ರೋಲು, ಗಾಳಿ ಒಯ್ಯುವ ಕೊಳವೆಗಳ ಜೋಡಣೆ ಬದಲಾಗಬೇಕು. ಅದೇ ಇನ್‌ಟೇಕ್ ಮ್ಯಾನಿಫೋಲ್ಡ್. ಎರಡನ್ನು ಮೇಜಿನ ಮೇಲಿಟ್ಟರು. ನಾನು ದಪ್ಪ ಕೊಳವೆಯದನ್ನು ಮುಟ್ಟಿದೆ. ದಿನಾ ಎಲ್ಲಿ ಓಡಿಸುತ್ತೀರಿ ಎಂದು ಕೇಳಿದರು. ಹಲಸೂರಿನಿಂದ ಕೆ.ಆರ್. ಪುರಕ್ಕೆ ಎಂದೆ.

"ಹಾಗಾದ್ರೆ ಸಣ್ಣ, ಉದ್ದದ್ದೇ ತಗೊಳ್ಳಿ ಮೇಡಂ. ದಪ್ಪದ್ದಕ್ಕೆ ವೇಗ ಬೇಕು. ಕೆ.ಆರ್. ಪುರಂ ಸೇತುವೆ ಹತ್ರ ಅದು ನಿಮಗಿಂತ ಮುಂಚೆ ನಿದ್ದೆ ಹೋಗುತ್ತೆ."

೨. ಕಿರುಬೆರಳು

ಕೊಳವೆಗಳ ಬಾಯಿ ಇಂಜಿನ್ನಿನ ತೂತುಗಳಿಗೆ ಸರಿಹೊಂದುವಂತೆ ಒಳಗೆ ಉಜ್ಜಿ ಸವೆಸಬೇಕು. ಇದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ರವಿಕೆಗೆ ಕಾಗದದ ಅಳತೆ ಇಟ್ಟ ಹಾಗೆ ಮೇಸ್ತ್ರಿ ಇಂಜಿನ್ನಿಗೂ ಕೊಳವೆಗಳಿಗೂ ನಡುವೆ ಕೂರುವ ಗ್ಯಾಸ್ಕೆಟ್ ಹಾಳೆ ಇಟ್ಟು ಗೆರೆ ಎಳೆದರು. ಅಲ್ಲಿಯವರೆಗೆ ನನಗೆ ಒಪ್ಪಿಗೆಯಿತ್ತು. ಆಮೇಲೆ ಸ್ಕೇಲು ಹಿಡಿಯದೆ ಒಂದೊಂದರೊಳಗೂ ಕಿರುಬೆರಳು ಹಾಕಿ, ಕಣ್ಣು ಮುಚ್ಚಿ, ಸಮ ಎಂದರು.

ನಾನು ಚೀಲದಿಂದ ಔಷಧಿಯ ಅಳತೆ ಲೋಟ ತೆಗೆದು, ಪ್ರತಿ ಕೊಳವೆಯ ಒಂದು ಬಾಯಿ ಮುಚ್ಚಿಸಿ ನೀರು ತುಂಬಿದೆ. ಮೂರನೆಯದು ಎರಡು ಚಮಚ ಕಡಿಮೆ ಹಿಡಿಯಿತು. ಲೋಟವನ್ನು ಅವರ ಮುಂದಿಟ್ಟೆ.

"ನನ್ನ ಮಗಳು ಸ್ಕೂಲಿಂದ ಬಂದು ಯಾಕೆ ಅಳ್ತಿದ್ಲು ಅಂತ ಇವತ್ತು ಗೊತ್ತಾಯ್ತು ಮೇಡಂ" ಎಂದು ಅವರು ಮತ್ತೆ ಉಜ್ಜತೊಡಗಿದರು.

೩. ಪಾಲಿಶ್

ಕೂರಿಸುವ ಮೊದಲು ಮನೆಯಲ್ಲಿ ಪರೀಕ್ಷಿಸುತ್ತೇನೆಂದು ಮ್ಯಾನಿಫೋಲ್ಡನ್ನು ತಂದೆ. ಹೊರಗೆ ಚೊಕ್ಕಟ, ಒಳಗೆ ದೋಸೆ ಕಾವಲಿಯಂತೆ ಒರಟು. ಕಸೂತಿಯ ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟಾಗಿರಬೇಕೆಂದು ಕಲಿತವಳು, ಕಲಿಸಿದವಳು ನಾನು. ಬಾಟಲಿ ಬ್ರಷ್ಷು, ಹಿತ್ತಾಳೆ ಪಾಲಿಶ್ಶು, ಹಳೆಯ ಲಂಗದ ಬಟ್ಟೆ ಹಿಡಿದು ಶನಿವಾರ ಮಧ್ಯಾಹ್ನವಿಡೀ ಉಜ್ಜಿದೆ. ನಾಲ್ಕರಲ್ಲೂ ನನ್ನ ಕನ್ನಡಕ ಕಾಣಿಸಿತು.

ಮೇಸ್ತ್ರಿ ನನ್ನನ್ನು ನಂಬಿ ಒಳಗೆ ನೋಡದೆ ಕೂರಿಸಿದರು. ಮರುದಿನ ಬೆಳಿಗ್ಗೆ ಕಾರು ಕೆಮ್ಮುತ್ತ, ಮುಗ್ಗರಿಸುತ್ತ ಹಲಸೂರು ಕೆರೆಯವರೆಗೂ ಬರಲಿಲ್ಲ. ಬಿಚ್ಚಿ ಒಳಗೆ ನೋಡಿದ ಮೇಸ್ತ್ರಿ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಇಂಜಿನ್ ತಣ್ಣಗಿರುವಾಗ ನುಣ್ಣನೆ ಗೋಡೆಗೆ ಪೆಟ್ರೋಲು ಹನಿಹನಿಯಾಗಿ ಅಂಟಿಕೊಳ್ಳುತ್ತದೆ, ಒರಟಿದ್ದರೆ ಗಾಳಿಯಲ್ಲಿ ಬೆರೆಯುತ್ತದೆ ಎಂದು ಬಿಡಿಸಿ ಹೇಳಿದರು.

"ಹಾಗೆ ಬಿಟ್ಟಿದ್ದು ಸೋಮಾರಿತನ ಅಲ್ಲ ಮೇಡಂ, ಕೆಲಸ."

ಇಷ್ಟು ವರ್ಷಗಳಲ್ಲಿ ಶುಭ್ರತೆಗಾಗಿ ನನಗೆ ಬೈಸಿಕೊಂಡ ಅನುಭವವಿರಲಿಲ್ಲ.

೪. ಬಿಚ್ಚಿ ಮತ್ತೆ

ತಪ್ಪು ಮಾಡಿದವಳೇ ತಿದ್ದಬೇಕು. ಮರಳು ಕಾಗದ ಕೇಳಿದೆ. ಅವರು ಸ್ಟೂಲು ಬಿಟ್ಟುಕೊಟ್ಟರು. ಕಾಗದವನ್ನು ಕಡ್ಡಿಗೆ ಸುತ್ತಿ ಎರಡು ಬೆಳಗು ಉಜ್ಜಿದೆ. ಮೇಸ್ತ್ರಿ ಕಿರುಬೆರಳು ಹಾಕಿ, ಕಣ್ಣು ಮುಚ್ಚಿದರು.

"ಮೂರನೇದು ಮತ್ತೆ, ಮೇಡಂ."

ಮತ್ತೆ ಉಜ್ಜಿದೆ. ಮತ್ತೆ ಎಂದರು. ನಾಲ್ಕನೆಯ ಸಲಕ್ಕೆ ತಲೆಯಾಡಿಸಿದರು. ಮಗಳ ಕರವಸ್ತ್ರವನ್ನು ಅವರು ಮರೆತಿರಲಿಲ್ಲ.

೫. ಬೆಟ್ಟ

ಮುಂದಿನ ಭಾನುವಾರ ಬೆಳಿಗ್ಗೆ ಅಕ್ಕ, ಭಾವ ಹಿಂದೆ ಕುಳಿತರು. ಬೆಟ್ಟದ ಬುಡ ಬಂದಾಗ ಭಾವ ಸುಮ್ಮನಾದರು. ಹಿಂದೆ ಏನೋ ಸದ್ದು. ನಾನು ತಿರುಗಿ ನೋಡಲಿಲ್ಲ, ಕಾರು ಓಡಿಸುವಾಗ ನೋಡುವುದಿಲ್ಲ. ಒಂದೊಂದೇ ತಿರುವು ದಾಟಿತು. ಹೋದ ವರ್ಷ ನಿಂತಿದ್ದ ಜಾಗವೂ ದಾಟಿತು.

ಮೇಲೆ ಹೋಗಿ ನಿಲ್ಲಿಸಿ ಹಿಂದಿನ ಬಾಗಿಲು ತೆರೆದೆ. ಭಾವ ಶೂ ಕಳಚಿ ತೊಡೆಯ ಮೇಲಿಟ್ಟುಕೊಂಡು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ತಳ್ಳಲು ಸಿದ್ಧರಾಗಿ ಕುಳಿತಿದ್ದರು.

"ಪ್ಯಾಂಟು ಇಳಿಸಿಕೊಳ್ಳಿ ಭಾವ" ಎಂದೆ. "ಇಲ್ಲಿ ಮರ್ಯಾದಸ್ಥರು ಓಡಾಡುತ್ತಾರೆ."