ಚಿಪ್ಪಿಗೆ ಕಲಿಸಿದ ನಿದ್ದೆ

ಚಿಪ್ಪಿಗೆ ನಿದ್ದೆ ಮಾಡುವುದನ್ನು ಕಲಿಸಿದ್ದೇ ಅವನ ಕುತ್ತಿಗೆಗೆ ಬಂತು.

ಅವನನ್ನು ಸಾಕಿದ ಸೋದರತ್ತೆಯ ಕಿವಿಯ ಯಂತ್ರ, ಮೇಕೆ ಸೊಪ್ಪು ಮೇದ ಹಾಗೆ ಬ್ಯಾಟರಿ ಮೇಯುತ್ತಿತ್ತು. ಚಿಪ್ ವಿನ್ಯಾಸ ಅವನದೇ ಕೆಲಸ. ಮಾತು ಬಂದಾಗ ಮಾತ್ರ ಎಚ್ಚರವಿದ್ದು, ಫ್ಯಾನು ಮೋಟಾರುಗಳ ಏರಿಳಿತವಿಲ್ಲದ ಸದ್ದಿಗೆ ಮಲಗಿಬಿಡುವ ಹೊಸ ಚಿಪ್ ಮಾಡಿದ. ಕರೆಂಟಿನ ಖರ್ಚು ಅರ್ಧಕ್ಕರ್ಧ ಇಳಿಯಿತು. ಚಿಪ್ಪಿನ ನಕ್ಷೆ ಇವತ್ತು ಸಂಜೆ ಕಾರ್ಖಾನೆಗೆ ಹೋಗಬೇಕು. ಅದಕ್ಕೆ ಮುಂಚೆ ಕೊನೆಯ ಪರೀಕ್ಷೆ. ಬಿದ್ದರೆ ಹಳೆಯ ಹೊಟ್ಟೆಬಾಕ ಚಿಪ್ಪೇ ಗತಿ.

ಮಾದರಿಯನ್ನು ಕಿವಿಗೇರಿಸಿಕೊಂಡು ಅತ್ತೆ ಲ್ಯಾಬಿನ ತಿರುಗುವ ಕುರ್ಚಿಯಲ್ಲಿ ಮದುವೆ ಹೆಣ್ಣಿನ ಹಾಗೆ ಕೂತಳು. ಮಾತಾಡುವವರು ಬೆನ್ನ ಹಿಂದೆ ನಿಲ್ಲಬೇಕು. ಟೆಸ್ಟಿಂಗ್ ಮೇಡಂ ಮಾತಾಡಿದರು, ಚಿಪ್ಪಿನ ಕರೆಂಟು ತೋರಿಸುವ ಮೀಟರಿನ ಮುಳ್ಳು ಎದ್ದಿತು, ಅತ್ತೆ ಉತ್ತರ ಕೊಟ್ಟಳು. ಮ್ಯಾನೇಜರ್ ಗುಡುಗಿದರು, ಮುಳ್ಳು ಕುಣಿಯಿತು.

"ಅತ್ತೆ, ನಾನು ಮಾತಾಡೋದು ಕೇಳಿಸ್ತಿದ್ಯಾ?" ಎಂದ ಅವನು.

ಮುಳ್ಳು ಮಲಗಿತು. ಅತ್ತೆ ಕಿಟಕಿ ನೋಡುತ್ತಿದ್ದಳು.

"ಅಯ್ಯೋ, ನಿಮ್ಮನ್ನ ಫ್ಯಾನು ಅಂದ್ಕೊಂಡಿದೆ!" ಎಂದರು ಮೇಡಂ. "ಸ್ವಲ್ಪ ಏರಿಳಿತ ಕೊಡ್ರೀ. ಕೋಪ ಮಾಡ್ಕೊಳ್ಳಿ."

"ನನಗೆ ಭಾರೀ ಕೋಪ ಬಂದಿದೆ," ಎಂದ, ಫ್ರಿಜ್ಜಿನ ದನಿಯಲ್ಲಿ. ಚಿಪ್ಪು ಇನ್ನೂ ಗಾಢ ನಿದ್ದೆಗಿಳಿಯಿತು.

"ಮೀಟಿಂಗಲ್ಲಿ ನಮಗೂ ಹೀಗೇ ಆಗುತ್ತೆ," ಎಂದರು ಮ್ಯಾನೇಜರ್.

"ಮನೇಲಿ ನಾನು ಹೇಳಿದ್ದಕ್ಕೆಲ್ಲ ಅತ್ತೆ ಉತ್ತರ ಕೊಡ್ತಾರಲ್ಲ ಸರ್!"

"ಚಿಪ್ಪಿನ ನಿದ್ದೆ ತೆಳು ಮಾಡಿದ್ರೆ ನಿಮ್ಮ ದನಿಗೂ ಏಳುತ್ತೆ. ಉಳಿಸಿದ ಕರೆಂಟು ಮಾತ್ರ ಮಣ್ಣುಪಾಲು. ಇಂಥ ದನಿ ಲಕ್ಷಕ್ಕೊಂದು ಕಣ್ರೀ. ಏನ್ಮಾಡಲಿ, ನೀವೇ ಹೇಳಿ."

ಅವನು ಸುತ್ತಿ ಬಂದು ಅತ್ತೆಯ ಮುಂದೆ ಕುಕ್ಕರಿಸಿದ.

"ಹೀಗೇ ಕಳಿಸಿ ಸರ್. ಎಲ್ಲರ ಬ್ಯಾಟರಿ ಉಳೀಲಿ. ಇವರಿಗೆ ನನ್ನ ಮಾತು ಕೇಳಿಸದಿದ್ರೂ ಪರವಾಗಿಲ್ಲ."

ಮುಳ್ಳು ಅಲುಗಲಿಲ್ಲ. ಅತ್ತೆ ಮಾತ್ರ ಅವನ ಕೆನ್ನೆ ಸವರಿದಳು. "ನಿನ್ನ ಮಾತು ನಾನು ಯಾವತ್ತು ಕಿವೀಲಿ ಕೇಳಿದ್ದೆ ಕಂದ? ಚಿಕ್ಕಂದಿನಿಂದ ನೀನು ಮಾತನ್ನ ಬಾಯೊಳಗೇ ನುಂಗ್ತಿದ್ದೆ. ತುಟಿ ನೋಡಿ ತಿಳ್ಕೊಳ್ಳೋದು ನಾನು ಆಗಲೇ ಕಲಿತೆ. ಕಿವಿ ಹೋಗಿದ್ದು ಆಮೇಲೆ."

ಮೇಡಂ ಕಣ್ಣೊರೆಸಿಕೊಂಡರು. ಮ್ಯಾನೇಜರೂ ಕೆಮ್ಮಿದರು. "ಸರಿ, ಚಿಪ್ಪು ಪಾಸು! ಇನ್ನೊಂದು ವಿಷ್ಯ. ಇಷ್ಟು ಶುದ್ಧವಾದ ಸದ್ದು ಯಾವ ಫ್ಯಾನಿಗೂ ಇಲ್ಲ. ಕಾರ್ಖಾನೆಯಿಂದ ಬರೋ ಪ್ರತಿ ಚಿಪ್ಪಿನ ಮುಂದೂ ನೀವೇ ಕೂತು ಮಾತಾಡಿ. ಅದು ಮಲಗಿದ್ರೆ ಪಾಸು."

ಅವನು ಅತ್ತೆಯ ಕಡೆಗೇ ಮುಖವಿಟ್ಟುಕೊಂಡು, ವಿನಯವಾಗಿ ತಲೆಯಾಡಿಸಿ, ತುಟಿಯಂಚಿನಲ್ಲೇ ಏನೋ ಅಂದ. ಮೇಡಂಗೆ ಕೇಳಿಸಲಿಲ್ಲ, ಮ್ಯಾನೇಜರಿಗೆ ಕೇಳಿಸಲಿಲ್ಲ, ಚಿಪ್ಪಿಗಂತೂ ಇಲ್ಲವೇ ಇಲ್ಲ.

"ತಪ್ಪು ಕಣೋ!" ಕಿವಿ ಮಂದವಾದವರ ಆ ದೊಡ್ಡ ದನಿ ಮಹಡಿಯನ್ನೆಲ್ಲ ತುಂಬಿತು. "ಸಂಬಳ ಕೊಡೋ ಮ್ಯಾನೇಜರನ್ನ ಗೂಬೆ ಅಂತಾರೇನೋ?"

ಮುಳ್ಳು ಧಿಗ್ಗನೆ ಎದ್ದು ನಿಂತಿತು.