ನನ್ನ ತಲೆಯ ಎರಡನೇ ಸರದಿ

ಹೆದರಿಕೆಯ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಕ್ಷೌರಿಕ ಕಿವಿಯ ಹತ್ತಿರ ಕತ್ತರಿ ತಂದರೆ ಕಣ್ಣು ಮುಚ್ಚುತ್ತೇನೆ. ಸೂಜಿಯ ಹೆಸರೆತ್ತಿದರೆ ಜ್ವರ ತಾನಾಗಿಯೇ ಇಳಿಯುತ್ತದೆ. ಆದರೂ ಆಳಂದದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನೆಂದು ಊರವರು ನನ್ನನ್ನು ಗಟ್ಟಿ ಆಳು ಎಂದೇ ತಿಳಿದಿದ್ದಾರೆ. ಹಾಗಾಗಿ, ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಹಳೆಯ ಶಿಷ್ಯ ಮಲ್ಲಿನಾಥ ಮನೆಗೆ ಬಂದು, "ಸರ್, ನಿಮ್ಮ ತಲಿ ಎರಡು ಸಲ ಬೇಕಾಗ್ಯಾದ್ರಿ" ಎಂದಾಗ ಹೂಂ ಅಂದುಬಿಟ್ಟೆ.

ಅವರಲ್ಲಿ ಅಯಸ್ಕಾಂತದ ಹೊಸ ಯಂತ್ರ ಬಂದಿತ್ತು. ಮಿದುಳು ತನಗೆ ಸಿಕ್ಕ ಆಹಾರವನ್ನು ಹೇಗೆ ಅರಗಿಸಿಕೊಳ್ಳುತ್ತದೆ ಎಂಬುದನ್ನು ಅದು ತಲೆ ಕೊಯ್ಯದೆಯೇ ಅಳೆಯುತ್ತದಂತೆ. ಒಬ್ಬನದೇ ತಲೆಯನ್ನು ಎಂಟು ದಿನ ಬಿಟ್ಟು ಮತ್ತೆ ಅಳೆದಾಗಲೂ ಅದೇ ಅಂಕಿ ಬಂದರೆ ಯಂತ್ರವನ್ನು ನಂಬಬಹುದು, ಆಮೇಲೆ ರೋಗಿಗಳನ್ನು ಮಲಗಿಸಬಹುದು. ಒಳಗೆ ಲೋಹ ಒಯ್ಯುವಂತಿಲ್ಲ ಎಂದು ಮಲ್ಲಿನಾಥ ಹೇಳಿದಾಗ, ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೆಗೆಯಲಾಗದೆಂದು ನೆಪ ಹೂಡಿ ನೋಡಿದೆ. ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಬನ್ನಿ ಎಂದು ಅದಕ್ಕೂ ದಾರಿ ತೋರಿಸಿದ. ಆ ಕೊಳವೆಯೊಳಗಿನ ನಲವತ್ತು ನಿಮಿಷ ಹೇಗೆ ಕಳೆದೆನೋ ಶಿವನೇ ಬಲ್ಲ. ಮೂಗಿನಿಂದ ಗೇಣು ದೂರದಲ್ಲಿ ಛಾವಣಿ, ಕಿವಿಗೆ ತಗಡು ಬಡಿದ ಸದ್ದು. ಸಮಾಧಿಯೇ ಇದು ಅನಿಸಿತು. ನಮ್ಮ ಲಿಂಗಾಯತರಾದರೆ ಸತ್ತವರನ್ನು ಕೂರಿಸಿ ಹೂಳುತ್ತಾರೆ, ಇಲ್ಲಿ ಮಲಗಿಸಿದ್ದಾರಲ್ಲ, ಹಾಗಾದರೆ ಇನ್ನೂ ಸತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎರಡನೇ ಸರದಿಗೆ ಕಾಲೇ ಏಳಲಿಲ್ಲ. ಜೇವರ್ಗಿಯಲ್ಲಿ ನೀರಿನ ಮೋಟಾರು ರಿಪೇರಿ ಮಾಡುವ ನನ್ನ ಹೆಂಡತಿಯ ತಮ್ಮ ಬಸಣ್ಣನ ಕೈಕಾಲು ಹಿಡಿದೆ. ಪಾಳುಬಾವಿಗೂ ಇಳಿಯುವ ಮನುಷ್ಯ ಅವನು. ಆ ದಿನ ಮಲ್ಲಿನಾಥ ರಜೆಯಲ್ಲಿದ್ದ. ಬಸಣ್ಣ ನನ್ನ ಚೀಟಿ ತೋರಿಸಿ, ನನ್ನ ಹೆಸರಿನಲ್ಲಿ ಮಲಗಿ ಬಂದ. ಒಳಗೆ ತಂಪಾಗಿತ್ತಂತೆ, ನಿದ್ದೆಯೂ ಹತ್ತಿತ್ತಂತೆ.

ಹದಿನೈದು ದಿನಕ್ಕೆ ಮಲ್ಲಿನಾಥನ ಕಾಗದ ಬಂತು. ಎರಡೂ ಸಲದ ಅಂಕಿ ತಾಳೆಯಾಗಿವೆ, ಇನ್ನು ರೋಗಿಗಳಿಗೆ ಶುರು ಮಾಡುತ್ತೇವೆ ಎಂದು ಬರೆದಿದ್ದ. ತಮ್ಮನಿಂದ ಎಲ್ಲ ಕೇಳಿ ತಿಳಿದಿದ್ದ ಹೆಂಡತಿ ತಣ್ಣಗೆ, "ನಮ್ಮ ತಮ್ಮನ ತಲ್ಯಾಗ ಮಣ್ಣದ ಅಂತಿದ್ರಿ. ಈಗ ನಿಮ್ಮದೂ ಅದೇ ಬಂದಾದಲ್ರಿ" ಎಂದಳು. ನನಗೆ ನಗು ಬರಲಿಲ್ಲ. ಎರಡು ತಲೆಗಳ ಫರಕೇ ಗೊತ್ತಾಗದ ಯಂತ್ರವನ್ನು ನಂಬಿ ಯಾರದೋ ಮನೆಯ ತಾಯಿಗೆ ತಪ್ಪು ಔಷಧಿ ಕೊಟ್ಟುಬಿಟ್ಟರೆ? ಕೊಳವೆಯ ಹೆದರಿಕೆಗಿಂತ ಈ ಹೆದರಿಕೆ ದೊಡ್ಡದಾಗಿತ್ತು.

ಮರುದಿನವೇ ಬಸ್ಸು ಹತ್ತಿ ಹೋಗಿ ಎಲ್ಲ ಒಪ್ಪಿಕೊಂಡೆ. ಮಲ್ಲಿನಾಥ ಅಂಕಿಗಳ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ, ಕಾಪಿ ಹೊಡೆದು ಸಿಕ್ಕಿಬಿದ್ದವರಿಗೆ ನೀವು ಏನು ಮಾಡುತ್ತಿದ್ದಿರಿ ಎಂದು ಮೆಲ್ಲಗೆ ಕೇಳಿದ. ಪೇಪರ್ ಹರಿದು ಮೊದಲಿನಿಂದ ಬರೆಸುತ್ತಿದ್ದೆ ಎಂದೆ. ಅವನು ಮೇಜಿನ ಮೇಲಿದ್ದ ಅಂಕಿಗಳ ಹಾಳೆಯನ್ನು ಎರಡು ಹೋಳು ಮಾಡಿದ.

"ಗಡಿಯಾರ ಬಿಚ್ಚಿಡ್ರಿ, ಸರ್. ಮೊದಲಿಂದ, ಎರಡೂ ಸಲ."

ಕೊಳವೆಯೊಳಗೆ ಜಾರುವಾಗ ಹಲ್ಲು ಕಟಕಟ ಅನ್ನುತ್ತಿತ್ತು. ಹೆದರಬೇಡಿ, ಸುಮ್ಮನೆ ಅಲುಗಾಡದೆ ಇರಿ ಎಂದು ಅವನು ಹೊರಗೆ ನಿಂತು ಹೇಳುತ್ತಿದ್ದ. ಪರೀಕ್ಷೆಯ ಕೋಣೆಯಲ್ಲಿ ಮೂವತ್ತು ವರ್ಷ ನಾನೂ ಮಕ್ಕಳ ಬೆನ್ನ ಹಿಂದೆ ನಿಂತು ಅದನ್ನೇ ಹೇಳಿದ್ದೆ. ಪಾಪ, ಹೇಗೆ ಬರೆದರೋ.