ನಾಲ್ಕಕ್ಕೆ ಹೊಡೆದ ಆರರ ಗಂಟೆ

ಕೊಡೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಗಂಟೆಯಪ್ಪ ಎನ್ನುತ್ತಿದ್ದರು. ಕೆಲಸ ಬಿಡುವ ಗಂಟೆ ಹೊಡೆಯುತ್ತಿದ್ದುದು ಆ ಕಂಪ್ಯೂಟರೇ. ಅಂದು ಸಂಜೆ ಐದಕ್ಕೆ ಅವನ ಮಗಳ ಓಟದ ಪಂದ್ಯ. ಹಿಂದಿನ ಯಾವ ಓಟಕ್ಕೂ ಅವನು ಹೋಗಿರಲಿಲ್ಲ. "ಇವತ್ತೂ ಬರದಿದ್ರೆ ನಿನ್ ಜೊತೆ ಮಾತೇ ಬಿಡ್ತೀನಿ ಅಪ್ಪಾ," ಎಂದಿದ್ದಳು.

"ಸಾರ್, ಮಗಳ ಓಟ ಇದೆ, ಇವತ್ತು ನಾಲ್ಕಕ್ಕೆ ಬಿಡಿ," ಎಂದು ಮ್ಯಾನೇಜರನ್ನು ಕೇಳಿದ.

"ನಾನೇನು ಬೇಡ ಅಂತೀನಾ? ಗಂಟೆ ಹೊಡೀಲಿ, ಎಲ್ಲರನ್ನೂ ಬಿಡ್ತೀನಿ."

ಗಂಟೆ ಆರಕ್ಕೇ ಎಂಬುದು ಯಾರೋ ಎಂದೋ ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿಟ್ಟ ಸಿದ್ಧ ಸಾಲುಗಳ ಲೈಬ್ರರಿಯೊಳಗೆ ಕಲ್ಲಲ್ಲಿ ಕೆತ್ತಿದಂತೆ ಕೂತಿತ್ತು. ಅದನ್ನು ತಿದ್ದುವ ಹಾಗಿಲ್ಲ. ಪಕ್ಕದ ಕಾರ್ಖಾನೆಯ ಗಂಟೆಯೂ ಅದನ್ನೇ ನಂಬಿತ್ತು. ಗಂಟೆಯಪ್ಪ ಹಟ ಹಿಡಿದ. ಲೈಬ್ರರಿ ಇದ್ದ ಹಾಗೇ ಇರಲಿ. ತನ್ನ ಪ್ರೋಗ್ರಾಂ ಓಡುತ್ತಿರುವಾಗ "ಎಷ್ಟಕ್ಕೆ ಹೊಡೀಲಿ?" ಎಂಬ ಪ್ರಶ್ನೆಗೆ, ಲೈಬ್ರರಿಯ ಸಾಲಿನ ಹೆಸರನ್ನೇ ಹೊತ್ತ ತನ್ನ ಸಾಲು ಎದ್ದು "ನಾಲ್ಕಕ್ಕೆ" ಅಂದರೆ ಸಾಕು.

ಮೊದಲು ತನ್ನ ಸಾಲನ್ನು ಲೈಬ್ರರಿಗಿಂತ ಮುಂಚೆ ಬರೆದ. ಹಿಂದಿನಿಂದ ಬಂದ ಲೈಬ್ರರಿ, ಬಸ್ಸಿನಲ್ಲಿ ಬೇರೆಯವರ ಕರ್ಚೀಫು ತೆಗೆದೆಸೆದು ಸೀಟು ಹಿಡಿಯುವವನಂತೆ ಅದರ ಜಾಗದಲ್ಲೇ ಕೂತುಬಿಟ್ಟಿತು.

"ಏನಣ್ಣಾ, ಗಂಟೆ ಜೊತೆ ಜಗಳಾನಾ?" ಹೊಲಿಗೆಯ ಅಕ್ಕ ಇಣುಕಿದಳು.

"ಈ ಗುಂಡಿ ಒತ್ತಿ ನೋಡೋ," ಎಂದು ಉಗ್ರಾಣದ ಮಾವ ತಾವೇ ಒತ್ತಿದರು. ಕಂಪ್ಯೂಟರ್ ಆರಿಹೋಯಿತು.

ಗಂಟೆಯಪ್ಪ ಹಲ್ಲು ಕಚ್ಚಿಕೊಂಡು ಮತ್ತೆ ಶುರುಮಾಡಿದ. ಈ ಸಲ ಲೈಬ್ರರಿ ಬಂದು ಕೂತ ಮೇಲೆ ತನ್ನ ಸಾಲನ್ನು ಇಳಿಸಿದ. ಒಂದೇ ಹೆಸರಿಗೆ ಇಬ್ಬರಿದ್ದಾರೆಂದು ಪರದೆ ಗೊಣಗಿತು. ಅದರ ಬಾಯಿಯನ್ನೂ ಮುಚ್ಚಿಸಿದ.

ನಾಲ್ಕಾಯಿತು. ಗಂಟೆ ಹೊಡೆದೇಬಿಟ್ಟಿತು!

ಅರ್ಧ ಹೊಲಿದ ಕೊಡೆಗಳನ್ನು ಅಲ್ಲಲ್ಲೇ ಬಿಟ್ಟು ಎಲ್ಲರೂ ಎದ್ದರು. ಮಾವ ಬೆನ್ನು ತಟ್ಟಿದರು. ಮ್ಯಾನೇಜರ್ ಮಾತಿಗೆ ತಪ್ಪಲಿಲ್ಲ, ತಾವೇ ಮೊದಲು ಹೊರಟರು. ಗಂಟೆಯಪ್ಪ ಚೀಲ ಹೆಗಲಿಗೇರಿಸಿದ.

"ನೀನೆಲ್ಲಿಗೆ?" ಮ್ಯಾನೇಜರ್ ಬೀಗದ ಕೈ ಗೊಂಚಲನ್ನು ಅವನ ಅಂಗೈಗೆ ಹಾಕಿದರು. "ದಿನಾ ಕೊಡೋ ಹಾಗೆ ವಾಚ್‌ಮನ್ ತಾತನ ಕೈಗೆ ಕೊಟ್ಟು ಹೋಗಪ್ಪಾ."

ದಿನವೂ ಗಂಟೆಗೆ ಮುಂಚೆಯೇ ಬಂದು ಕೂರುತ್ತಿದ್ದ ತಾತನ ಸ್ಟೂಲು ಖಾಲಿ. ಗಂಟೆಯಪ್ಪ ಗಾಬರಿಯಿಂದ ಫೋನ್ ಮಾಡಿದ.

"ತಾತಾ, ಬೇಗ ಬಾ! ಗಂಟೆ ಆಗಲೇ ಹೊಡೀತು!"

"ಸುಮ್ನಿರೋ," ತಾತ ಆಕಳಿಸಿದರು. "ನನ್ನ ವಾಚಲ್ಲಿ ಈಗಿನ್ನೂ ನಾಲ್ಕು. ಆರಕ್ಕೆ ಬರ್ತೀನಿ."

ಆ ವಾಚಿನೊಳಗೆ ಪರ್ಲ್ ಇರಲಿಲ್ಲ.

ಗಾಳಿಗೆ ಮಗುಚಿಕೊಂಡ ಕೊಡೆಯಂಥ ಮುಖ ಹೊತ್ತು ಗಂಟೆಯಪ್ಪ ಸ್ಟೂಲಿನ ಮೇಲೆ ಕುಸಿದ. ಬೀದಿಯ ಗುಂಪಿನಿಂದ ಅಕ್ಕ ಕೈ ಬೀಸಿದಳು.

"ಯೋಚನೆ ಮಾಡ್ಬೇಡ ಅಣ್ಣಾ! ಹೇಗೂ ಬೇಗ ಬಿಟ್ರಲ್ಲ, ನಿನ್ನ ಮಗಳ ಓಟ ನೋಡೋಕೆ ನಾವೆಲ್ಲಾ ಹೋಗ್ತಿದೀವಿ. ಮ್ಯಾನೇಜರ್ ಸಾರೂ ಬರ್ತಿದಾರೆ!"